ಒದರಿ ಹೇಳುವ ಮಾತಲ್ಲ

ಇಂಡಿ,
೧೮ ಜನವರಿ ೨೦೨೫

ನನ್ನ ಮುದ್ದಿನ ವಿದ್ಯಾ,

ಹೇಗಿದ್ದೀಯವ್ವಾ? ಕಾಲಿನ ಬಾವು ಇಳಿಯಿತೇ? ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಮಾಡಬೇಡ, ಕುರ್ಚಿ ಹಾಕಿಸಿಕೊ, ಮಕ್ಕಳೇನೂ ಅಂದುಕೊಳ್ಳುವುದಿಲ್ಲ. ಹುಣಸೆಹಣ್ಣು ತಿನ್ನಬೇಕೆನಿಸಿದರೆ ತಿನ್ನು, ಆದರೆ ಉಂಡ ಮೇಲೆ ತಿನ್ನು. ಅಳಿಯಂದಿರಿಗೂ ನಿಮ್ಮ ಅತ್ತೆಯವರಿಗೂ ನನ್ನ ಶರಣು ತಿಳಿಸು. ಕೈಯಲ್ಲಿ ಫೋನಿದ್ದೂ ಅವ್ವ ಮುದ್ದೇಬಿಹಾಳಕ್ಕೆ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಈ ಮನೆಯಲ್ಲಿ ಈಗ ಫೋನಿನಲ್ಲಿ ಮಾತಾಡುವುದೇ ಕಷ್ಟವಾಗಿದೆ. ನಾನು ಫೋನು ಹಿಡಿದರೆ ಸಾಕು, ನಿಮ್ಮಪ್ಪ ಎದುರಿಗೆ ಬಂದು ಕೂತು ನನ್ನ ತುಟಿಯನ್ನೇ ನೋಡುತ್ತಾರೆ. ನಾನು ನಕ್ಕರೆ ತಮ್ಮನ್ನೇ ನೋಡಿ ನಕ್ಕೆ ಎನ್ನುತ್ತಾರೆ, ಸುಮ್ಮನಾದರೆ ತಮ್ಮನ್ನು ಕಂಡು ಮಾತು ಮುಚ್ಚಿದೆ ಎನ್ನುತ್ತಾರೆ.

ಅವರ ಕಿವಿ ಮಂದವಾಗಿರುವುದು ನಿನಗೆ ಗೊತ್ತು. ಎಷ್ಟು ಮಂದವಾಗಿದೆ ಎಂಬುದು ಗೊತ್ತಿಲ್ಲ. ವಿಜಯಪುರದ ಡಾಕ್ಟರು ಕಿವಿಗೆ ಹಾಕಿಕೊಳ್ಳಲು ಕೊಟ್ಟ ಮಷಿನನ್ನು ಒಂದು ವಾರವೂ ಹಾಕಲಿಲ್ಲ. ಕೊಡದಿಂದ ನೀರು ಸುರಿದರೂ ತಲೆಯ ಮೇಲೆ ತಗಡು ಬಿದ್ದ ಹಾಗಾಗುತ್ತದಂತೆ. "ನನಗ ಕೇಳಸ್ತೈತಿ. ಮಂದಿನ ಈಗೀಗ ಸಣ್ಣಗ ಮಾತಾಡಾಕತ್ತಾರ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ವಿದ್ಯಾ. ಹಾಗೇ ನಂಬಿದ್ದಾರೆ.

ನಿನಗೆ ಹೇಳದೇ ಉಳಿದ ಸಂಗತಿಯೊಂದಿದೆ. ದೀಪಾವಳಿಯ ನಂತರ ನಿಮ್ಮಪ್ಪ ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಸಣ್ಣವಳಿದ್ದಾಗ ನೀನೂ ಅವರ ಜೊತೆ ಹೋಗಿ ನಿಂಬೆಕಾಯಿ ರಾಶಿಗಳ ನಡುವೆ ನಿಂತು ಅವರು ಹರಾಜಿನ ಸವಾಲು ಕೂಗುವುದನ್ನು ನೋಡಿದವಳು. ಎಲ್ಲಿಂದ ಯಾರು ಎಷ್ಟಕ್ಕೆ ಬೇಡಿದರೂ ಅವರ ಕಿವಿಗೆ ತಪ್ಪುತ್ತಿರಲಿಲ್ಲ. ಅವರು ಕೊನೆಯ ಸಲ ಹೋದ ದಿನ ಸವಾಲಿಗಿದ್ದದ್ದು ಅವರ ಗೆಳೆಯ, ಅಗರಖೇಡದ ಚಂದ್ರಾಮಣ್ಣನ ಕಾಯಿ. ಮೂಲೆಯಲ್ಲಿ ನಿಂತವನೊಬ್ಬ ಹೆಚ್ಚಿಗೆ ಬೇಡಿದ್ದು ಇವರಿಗೆ ಕೇಳಿಸಲೇ ಇಲ್ಲ, ಕಡಿಮೆ ಬೇಡಿದವನಿಗೆ ಸವಾಲು ಮುಗಿಸಿಬಿಟ್ಟರು. ಎಲ್ಲರೂ ಗುಸುಗುಸು ಅಂದರು. ಚಂದ್ರಾಮಣ್ಣ ನಿಮ್ಮಪ್ಪ ಕೆಲಸ ಮಾಡುವ ದಲಾಲಿ ಅಂಗಡಿಯ ಮಾಲೀಕರ ಹತ್ತಿರ ಹೋಗಿ, "ಅವಗ ಏನೂ ಅನಬ್ಯಾಡ್ರಿ ಸಾವಕಾರ್ರ, ಹೋಗ್ಲಿ ಬಿಡ್ರಿ" ಎಂದನಂತೆ. ಇದನ್ನು ನನಗೆ ಹೇಳಿದವರು ಆ ಮಾಲೀಕರೇ. ಆದರೆ ನಿಮ್ಮಪ್ಪನಿಗೆ ದೂರದಿಂದ ಕಂಡದ್ದು ಗೆಳೆಯನ ತುಟಿ ಅಲುಗಿದ್ದು, ಮಾಲೀಕರು ತಿರುಗಿ ತಮ್ಮ ಕಡೆ ನೋಡಿದ್ದು, ಅಷ್ಟೇ. ಕೇಳಿಸದ ಮಾತನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ, ಅದೇಕೋ ಯಾವಾಗಲೂ ಕೆಟ್ಟದ್ದನ್ನೇ ತುಂಬಿಕೊಳ್ಳುತ್ತದೆ.

ಚಂದ್ರಾಮಣ್ಣ ಮರುದಿನ ಮನೆಗೇ ಬಂದ. ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳಿ ನೋಡಿದ. ಇವರು ಗೋಡೆ ಕಡೆ ಮುಖ ತಿರುಗಿಸಿ ಕೂತಿದ್ದರು. ಪಾಪ, ಜನ್ಮದಲ್ಲಿ ದನಿ ಎತ್ತದ ಮನುಷ್ಯ, ಕೊನೆಗೆ ಓಣಿಗೆಲ್ಲ ಕೇಳುವ ಹಾಗೆ ಒದರಿದ: "ಶ್ರೀಶೈಲಾ, ನಾ ನಿನ್ನ ಮ್ಯಾಲ ದೂರು ಹೇಳಿಲ್ಲೋ!" ಎದುರುಮನೆಯ ಹನಮವ್ವ ಹೊರಗೆ ಬಂದು ನಿಂತಳು. ನಿಮ್ಮಪ್ಪನ ಕಿವಿಗೆ ಬಿದ್ದದ್ದು 'ದೂರು' ಎಂಬುದೊಂದೇ. "ಹೇಳೇನಿ ಅಂತ ನೀನ ಒಪ್ಪಿದಿ. ಇನ್ನೇನು ಉಳೀತು? ಎದ್ದು ನಡಿ" ಎಂದುಬಿಟ್ಟರು. "ಯಕ್ಕಾ, ಹೆಂಗ ಹೇಳ್ಲಿ ಇವಗ?" ಎಂದು ಅವನು ನನ್ನ ಮುಖ ನೋಡಿದ. ಆಮೇಲೆ ನಾನು ನಡೆದದ್ದನ್ನೆಲ್ಲ ಬರೆದು ನಿಮ್ಮಪ್ಪನ ಕೈಗೆ ಕೊಟ್ಟೆ. ಓದಲೂ ಇಲ್ಲ. "ಬರದು ತೋರಿಸುವಷ್ಟು ಕಿವುಡಾದ್ನೇನ ನಾ?" ಎಂದು ಹರಿದು ಹಾಕಿದರು. ಚಂದ್ರಾಮಣ್ಣ ಈಗ ತನ್ನ ಕಾಯಿಯನ್ನು ವಿಜಯಪುರಕ್ಕೆ ಒಯ್ಯುತ್ತಾನೆ.

ನನ್ನ ಸಂಗತಿ ಕೇಳು. ಮೊದಮೊದಲು ಎಲ್ಲವನ್ನೂ ಒದರಿ ಹೇಳುತ್ತಿದ್ದೆ. ಹೇಳಿ ಹೇಳಿ ಗಂಟಲು ಸೋತು, ಬೇಕಾದ ಮಾತಷ್ಟೇ ಉಳಿಯಿತು. ಉಣ್ಣಾಕ ಬರ್ರಿ. ನೀರು ಕಾದಾವು. ಯಾರೋ ಬಂದಾರ. ಹಿತ್ತಲಲ್ಲಿ ಮಲ್ಲಿಗೆ ಮೊಗ್ಗಾಗಿದೆ, ನಿನ್ನ ನೆನಪಾಯಿತು, ಇವತ್ತು ಯಾಕೋ ಬೇಜಾರು, ಇಂಥವನ್ನು ಹೇಗೆ ಒದರುವುದು ವಿದ್ಯಾ? ಒದರಿದರೆ ಅವು ಬೈಗುಳದ ಹಾಗೆ ಕೇಳಿಸುತ್ತವೆ. ಹಾಗಾಗಿ ಬಿಟ್ಟೆ. ಬಿಟ್ಟದ್ದು ರೂಢಿಯೂ ಆಗಿಹೋಯಿತು. ಒಂದೊಂದು ದಿನ ಮನೆಯಲ್ಲಿ ಇಬ್ಬರಿದ್ದೇವೆ ಎಂಬುದೇ ನೆನಪಿರುವುದಿಲ್ಲ.

ಕಳೆದ ಸಲ ನೀನು ಬಂದಾಗ ಅಡುಗೆಮನೆಯಲ್ಲಿ ರೊಟ್ಟಿ ಸುಟ್ಟುಹೋದದ್ದಕ್ಕೆ ನಾವು ನಕ್ಕೆವಲ್ಲ, ಆವತ್ತಿನಿಂದ ಅವರು ನಿನ್ನ ಜೊತೆಗೂ ಸರಿಯಾಗಿ ಮಾತಾಡಿಲ್ಲ. ನೀನು ಏನು ತಪ್ಪಾಯಿತೋ ಎಂದು ಕೊರಗುತ್ತಿದ್ದೀಯೆಂದು ನನಗೆ ಗೊತ್ತು. ನಿನ್ನದೇನೂ ತಪ್ಪಿಲ್ಲ. "ತಾಯಿ ಮಗಳು ಕೂಡಿ ನನ್ನ ನಕ್ರಿ" ಎಂಬುದು ಅವರ ತಲೆಯೊಳಗೆ ಕೂತಿದೆ, ತೆಗೆಯುವ ದಾರಿ ನನಗೆ ಕಾಣುತ್ತಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ನಿಜ. ಆದರೆ ಈ ಬಿಗುವಿನ ಮನೆಯಲ್ಲಿ ನೀನು ಬಾಣಂತಿಯಾಗಿ ಮಲಗಿ, ಪ್ರತಿ ಮಾತಿಗೂ ಅಂಜಬೇಕೇ? ಬಸವನ ಬಾಗೇವಾಡಿಯ ಸಿದ್ದವ್ವ ಚಿಕ್ಕಮ್ಮ, "ನಮ್ಮನೀಗೆ ಕಳಸು, ಬಾಣಂತನ ನಾ ಮಾಡ್ತೇನಿ" ಎಂದಿದ್ದಾಳೆ. ಹಾಗೇ ಮಾಡೋಣವೇ ಎಂದು ಕೇಳಲೆಂದೇ ಇದನ್ನು ಬರೆದೆ.

ನಿನ್ನ ಒಡಲು ತಂಪಾಗಿರಲಿ, ಬಸವಣ್ಣ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅವ್ವ,
ಸುನಂದಾ

ತಾ.ಕ.: ಬಾಗೇವಾಡಿಗೆ ಹೋಗಬೇಡ, ಇಲ್ಲಿಗೇ ಬಾ. ಕಾಗದ ಮಡಚುತ್ತಿದ್ದಾಗ ನಿಮ್ಮಪ್ಪ ಬಂದರು. ಬೆಳಗಿನಿಂದ ಅಂಗಳದಲ್ಲಿ ಹಳೆಯ ತೊಟ್ಟಿಲು ತಿಕ್ಕುತ್ತಿದ್ದರು, ಕೈಯೆಲ್ಲ ಒದ್ದೆ. ಬಾಗಿಲಲ್ಲಿ ನಿಂತು, "ಕೂಸು ಅತ್ತರ ನನಗ ಕೇಳಸ್ತೈತೇನ?" ಎಂದು ಕೇಳಿದರು. ನಾನು ಬಾಯಿ ತೆರೆದೆ, ದನಿ ಹೊರಡಲಿಲ್ಲ. ನನ್ನ ತುಟಿಯನ್ನೇ ನೋಡುತ್ತ ಹತ್ತಿರ ಬಂದು, "ಏನಂದಿ?" ಎಂದರು. ನಾನು ಏನೂ ಅಂದಿರಲಿಲ್ಲ, ವಿದ್ಯಾ.