ಸೋತ ಓಣಿಗೆ ಬನ್ನಿ ನಿಷೇಧ

ತಾಲೂಕು ಶಾಂತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾವು ನಮ್ಮೂರಿನಲ್ಲಿ ಸ್ಥಾಪಿಸಿದ ಶಾಂತಿಯ ದೆಸೆಯಿಂದ ಈ ದಸರೆಗೆ ನಾನು ನನ್ನ ಭಾವನಿಗೆ ಬನ್ನಿ ಕೊಡಲು ಹೋಗುವಂತಿಲ್ಲ. ದೂರು ಇಷ್ಟೇ.

ಮೂವತ್ತು ವರ್ಷ ಯರಗಟ್ಟಿ ಕಡೆಯ ಸಾಲಿಗಳಲ್ಲಿ ಇತಿಹಾಸ ಕಲಿಸಿದವನು ನಾನು. ಗೆದ್ದವರು ಮೇಜಿನ ಸುತ್ತ ಕುಳಿತು ಸೋತ ದೇಶಕ್ಕೆ ಶರತ್ತು ಬರೆಯುವುದು ಯುರೋಪಿನ ಪದ್ಧತಿ ಎಂದುಕೊಂಡಿದ್ದೆ. ಈ ಸಲ ಕಾರ ಹುಣ್ಣಿಮೆಯಂದು ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ, ಬೇವಿನ ಸೊಪ್ಪಿನ ಹಗ್ಗವನ್ನು ಮೊದಲು ಹರಿದದ್ದು ಮೇಲಿನ ಓಣಿಯ ಎತ್ತೋ ನಮ್ಮ ಕೆಳಗಿನ ಓಣಿಯದೋ ಎಂದು ಬಡಿದಾಡಿದೆವು. ನಾಲ್ಕು ತಲೆ ಒಡೆದವು. ಕಡೆಗೆ ಓಡಿದವರು ನಾವು. ಮರುವಾರ ತಾವು ಮೇಲಿನ ಓಣಿಯ ಚಾವಡಿಯಲ್ಲೇ ಕುಳಿತು, ಅವರದೇ ಚಹಾ ಕುಡಿದು ಒಪ್ಪಂದ ಬರೆಸಿದಿರಿ. ತಪ್ಪೆಲ್ಲ ನಮ್ಮದೆಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡೆವು. ನಮ್ಮ ಎತ್ತುಗಳು ಮೂರು ವರ್ಷ ಕರಿ ಹರಿಯಬಾರದು. ನಾವು ಬಾರಿಸುವ ಎರಡು ಹಲಗೆ, ಊದುವ ಒಂದು ಕಹಳೆ ಜಪ್ತಿ. ನಿಶ್ಶಸ್ತ್ರೀಕರಣ ಎಂದರೆ ಇದೇ ಇರಬೇಕು! ಕೊನೆಯ ಶರತ್ತು: ಮುಂದಿನ ಕಾರ ಹುಣ್ಣಿಮೆಯ ತನಕ ನಮ್ಮ ಓಣಿಯ ಗಂಡಸರು ಹನುಮಪ್ಪನ ಗುಡಿ ದಾಟಿ ಮೇಲಿನ ಓಣಿಗೆ ಕಾಲಿಡಬಾರದು. ಓದಿ ನೋಡುತ್ತೇನೆ ಎಂದ ನಮ್ಮ ಹಿರಿಯ ದುಂಡಪ್ಪನಿಗೆ ತಾವು ಹೇಳಿದಿರಿ: "ಮೊದಲ ಸಹಿ ಮಾಡ್ರಿ. ಓದಾಕ ವರ್ಷಾನಗಟ್ಟಲೆ ಟೈಮ್ ಐತಿ."

ನಾನೂ ಸಹಿ ಮಾಡಿದೆ. ಯಾಕೆಂದರೆ ಒಡೆದ ತಲೆಗಳಲ್ಲಿ ಒಂದು ಮೇಲಿನ ಓಣಿಗೆ ಕೊಟ್ಟ ನನ್ನ ಅಕ್ಕ ರಾಚವ್ವನ ಗಂಡ ಕಾಡಪ್ಪನದು, ಬಡಿಗೆ ನನ್ನದು. ಅರವತ್ತೆರಡರ ವಯಸ್ಸಿನಲ್ಲಿ, ಒಂದು ಎತ್ತಿನ ಸಲುವಾಗಿ! ನಾಚಿಕೆಯಿಂದ ನನಗೆ ಊಟ ಸೇರುತ್ತಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದೇ?

ಕಳೆದ ವಾರ ಅಕ್ಕ ಸಂತೆಯಲ್ಲಿ ಸಿಕ್ಕಳು. "ತಮ್ಮಾ, ನಿಮ್ಮ ಭಾವನ ತಲ್ಯಾಗಿನ ಗಾಯ ಮಾಯ್ದೈತಿ. ಬನ್ನಿ ಕೊಡಾಕ ಬಂದ್ರ ಮಾತಾಡತೇನಿ, ಬರದಿದ್ರ ಸಾಯೂತನಕ ಅವನ ಮಾರಿ ನೋಡೂದಿಲ್ಲ ಅಂದಾರ."

"ಗುಡಿ ದಾಟೂದಿಲ್ಲಂತ ಬಾಂಡ್ ಬರಸ್ಕೊಂಡಾರ ಅಕ್ಕಾ."

"ಬಾಂಡಿನ ಮಾತ ನನಗೇನ್ ಹೇಳ್ತಿ? ನಾ ಮನ್ಯಾಗ ಅವರಿಗೆ ಏನ್ ಹೇಳ್ಲಿ?" ಅಂದವಳೇ ಕಣ್ಣೊರೆಸಿಕೊಂಡು ಬಸ್ ಹತ್ತಿದಳು.

ತಮಗೆ ಯಾರೂ ಹೇಳಿಲ್ಲವೇನೋ. ಎಂಥ ಜಗಳವಿದ್ದರೂ ಬನ್ನಿಯ ದಿನ ಕಿರಿಯನು ಹಿರಿಯನ ಮನೆಗೆ ಹೋಗಿ, ಬನ್ನಿ ಎಲೆ ಕೈಗಿಟ್ಟು, "ಬಂಗಾರದಂಗ ಇರೂಣು" ಎಂದು ಕಾಲು ಮುಟ್ಟಿದರೆ ನಮ್ಮಲ್ಲಿ ಮಾತು ಮತ್ತೆ ಶುರುವಾಗುತ್ತದೆ. ಸಮಿತಿ ಬೇಡ, ಠರಾವು ಬೇಡ. ಆದರೆ ಕಿರಿಯನೇ ಹೋಗಬೇಕು. ಬೇರೆಯವರ ಕೈಯಲ್ಲಿ ಎಲೆ ಕಳಿಸಿದರೆ ನಡೆಯದು. ಊರು ತಾನಾಗಿ ಕೂಡುವ ಆ ಒಂದು ದಿನವನ್ನೇ ತಾವು ಶಾಂತಿಯ ಹೆಸರಿನಲ್ಲಿ ಬಂದ್ ಮಾಡಿದ್ದೀರಿ. ಎಂಥ ದೂರದೃಷ್ಟಿ!

ಉಳಿದ ಶರತ್ತುಗಳೆಲ್ಲ ಹಾಗೇ ಇರಲಿ. ವಿಜಯದಶಮಿಯ ಸಂಜೆ ಮಾತ್ರ ಗುಡಿ ದಾಟಲು ಲಿಖಿತ ಅಪ್ಪಣೆ ಕೊಡಿ. ಕೊಡದಿದ್ದರೂ ದಾಟುತ್ತೇನೆ. ಪೊಲೀಸರನ್ನು ಬೇಕಾದರೆ ಭಾವನ ಬಾಗಿಲಲ್ಲೇ ನಿಲ್ಲಿಸಿ. ಆದರೆ ಭಾವ ನನ್ನೊಡನೆ ಒಂದು ಮಾತಾಡುವ ತನಕ ಕೈಗೆ ಬೇಡಿ ಹಾಕಿಸಬೇಡಿ.

ಇಂತಿ,
ತಪ್ಪೊಪ್ಪಿಗೆಗೆ ಸಹಿ ಮಾಡಿಯೂ ತಪ್ಪೊಪ್ಪಿಕೊಳ್ಳಲು ಅಪ್ಪಣೆಯಿಲ್ಲದ
ಶಿವಲಿಂಗ ಮಾಸ್ತರ, ಕೆಳಗಿನ ಓಣಿ