ಜೊಂಡಿನೊಳಗಿನ ಬಾಣಂತಿ

ಹನಕೆರೆ
೨೮-೮-೧೯೩೬

ಚಿ. ಸೌ. ಚೂಡಾಮಣಿಗೆ ಆಶೀರ್ವಾದಗಳು.

ನಾನು ಸೌಖ್ಯ. ಮಳವಳ್ಳಿಯಲ್ಲಿ ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಕೋಪವಿರಬೇಕು. ಅದು ನ್ಯಾಯವೇ. ಊರಿಗೆಲ್ಲ ಅರ್ಜಿ ಬರೆದುಕೊಡುವ ಮೇಷ್ಟ್ರಿಗೆ ಹೆಂಡತಿಗೆ ನಾಲ್ಕು ಸಾಲು ಬರೆಯಲು ಕೈ ಬರಲಿಲ್ಲ ನೋಡು. ಎರಡರಲ್ಲೂ ನೀನು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಕಡೆಯಲ್ಲಿ ಬರುತ್ತೇನೆ.

ಸ್ಕೂಲಿನ ಮಕ್ಕಳಿಗೆ ಅಂತೂ ಚಾಪೆ ಬಂದವು. ನಿನ್ನ ಹೆರಿಗೆ ಮಾಡಿಸಿದ ಚಿಕ್ಕಬೋರಮ್ಮನೇ ಕೆರೆಯ ಜೊಂಡು ಕುಯ್ದು ಚಾಪೆ ಹೆಣೆಯುವವಳಲ್ಲವೇ? ಜೂನ್‌ನಲ್ಲಿ ಹೇಳಿದ್ದು, ಜುಲೈ ಬಂದರೂ ಪತ್ತೆಯಿಲ್ಲ. ಮಕ್ಕಳು ತಣ್ಣನೆ ನೆಲದಲ್ಲಿ ಕೂತು ಕೆಮ್ಮುತ್ತಿದ್ದರು. ನನ್ನ ಮೂಗಿನ ತುದಿಯ ಕೋಪ ನಿನಗೆ ಗೊತ್ತೇ ಇದೆ. ಕೆರೆಗೇ ಹೋಗಿ ಕೂಗಾಡಿದೆ. ಅವಳು ಒಂದಿಷ್ಟು ಕುಯ್ದು, ಉದ್ದುದ್ದ ಬೆಳೆದ ಜೊಂಡನ್ನೆಲ್ಲ ಹಾಗೇ ಬಿಟ್ಟು, ಅಂಚಿಗೊಂದು ಕೋಲು ನೆಟ್ಟು ಸೀರೆಯ ಚೂರು ಕಟ್ಟಿದ್ದಳು.

“ಬಾಣ್ತಿ ಅವ್ಳೆ ಒಳ್ಗೆ. ಅವ್ಳ್ ಮನೆಗೆ ಕುಡ್ಲಾಕಿ ಚಾಪೆ ಎಣೀಲಾ ಮೇಷ್ಟ್ರೆ?” ಎಂದಳು.

ಬಗ್ಗಿ ನೋಡಿದೆ. ಒಣಹುಲ್ಲಿನ ಬಣ್ಣದ ಒಂದು ಪುಟ್ಟ ಹಕ್ಕಿ. ನಾಲ್ಕು ದಂಟು ಸೇರಿಸಿ ಬಟ್ಟಲಿನಂಥ ಗೂಡು ಕಟ್ಟಿಕೊಂಡಿತ್ತು. ಮೈಗಿಂತ ಗಂಟಲು ದೊಡ್ಡದು. ನಮ್ಮ ಎರಡನೇ ಕ್ಲಾಸು ಮಗ್ಗಿ ಒಪ್ಪಿಸಿದ ಹಾಗೆ ಗಲಾಟೆ. ಮಳೆಗಾಲಕ್ಕೆ ಎಲ್ಲಿಂದಲೋ ಬಂದು, ಮರಿ ಮಾಡಿಕೊಂಡು ಹೋಗುತ್ತದಂತೆ. ಗೂಡು ಕಂಡ ಕಡೆ ಚಿಕ್ಕಬೋರಮ್ಮನ ಮನೆತನದವರು ಕುಡುಗೋಲು ಇಡುವುದಿಲ್ಲವಂತೆ.

“ಓದ್ವರ್ಸ ನೀರೇರಿ ಮೊಟ್ಟೆ ಎಲ್ಲಾ ಕೊಚ್ಕಂಡೋದೊ. ಆದ್ರೂ ಇಲ್ಗೇ ಬಂದದೆ ನೋಡಿ,” ಎಂದಳು.

ಚೂಡಾ, ಮಾರ್ಚಿನಲ್ಲಿ ನಮ್ಮ ಮಗು ಉಸಿರಿಲ್ಲದೆ ಹುಟ್ಟಿದಾಗ ಮೂರು ದಿನ ನಿನ್ನ ಕಾಲ ಬುಡ ಬಿಡದೆ ಕೂತು, ನಿನ್ನನ್ನಾದರೂ ನನಗೆ ಉಳಿಸಿಕೊಟ್ಟವಳು ಇವಳು. ಅಂಥವಳ ಮೇಲೆ ಕೂಗಾಡಿದೆನಲ್ಲ ಎಂದು ನಾಚಿಕೆಯಾಯಿತು. ಅಲ್ಲೇ ಕೆಸರಿನಲ್ಲಿ ನಿಂತು ಕೈಮುಗಿದೆ. ಎಂದೋ ಮುಗಿಯಬೇಕಾಗಿತ್ತು.

“ಅಯ್, ಬುಡಿ ಮೇಷ್ಟ್ರೆ, ನಿಮ್ ಕೈಲಿ ಕೈ ಮುಗಿಸ್ಕಂಡು ನಾನೆಲ್ಗೋಗ್ಲಿ? ಅವತ್ತಿನ್ ಇಸ್ಯ ಅಮ್ಮೋರ್ಗೆ ಯೋಳುದ್ರಾ?”

“ಇಲ್ಲ.”

“ಯೋಳಿ. ಕಾಯ್ತಾ ಇರ್ತಾರೆ.”

ಜುಲೈ ಕಡೆಯಲ್ಲಿ ಮರಿಗಳು ಹಾರಿದವು. ಆಮೇಲೆ ಜೊಂಡು ಕುಯ್ದು, ಒಣಗಿಸಿ, ಹೆಣೆದುಕೊಟ್ಟಳು. ಮಕ್ಕಳು ಹೊಸ ಚಾಪೆ ಮೂಸುತ್ತಾರೆಯೇ ಹೊರತು ಪಾಠ ಕೇಳುವುದಿಲ್ಲ. ನಿನಗೆಂದು ಒಂದು ಚಾಪೆ ಬೇರೆ ಕೊಟ್ಟಿದ್ದಾಳೆ. ಸುರುಳಿ ಬಿಚ್ಚಿಲ್ಲ, ಹಾಗೇ ಇಟ್ಟಿದ್ದೇನೆ. ನಿನಗೆ ಮನಸ್ಸು ಬಂದಾಗ ಬಾ. ತಿಳಿಸಿದರೆ ಮದ್ದೂರಿಗೆ ಬಂದು ರೈಲಿನಲ್ಲಿ ಕರೆತರುತ್ತೇನೆ.

ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ. ಚೆಲುವನಾರಾಯಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ,
ತಿರುನಾರಾಯಣ

ಮ.ವಿ.: ಮಗು ಯಾರ ಹಾಗಿತ್ತು ಎಂದು ನೀನು ಕೇಳಿದ್ದೆ. ನಾನು ನೋಡಲೇ ಇಲ್ಲವೆಂದು ಅವತ್ತು ಹೇಳಿದ್ದು ಸುಳ್ಳು. ಚಿಕ್ಕಬೋರಮ್ಮ ನನ್ನ ಕೈಗೇ ಕೊಟ್ಟಿದ್ದಳು. ತಲೆ ತುಂಬ ಕೂದಲು, ನಿನ್ನದೇ ಹಣೆ. ಎಡಗೈ ಮುಷ್ಟಿ ಕಟ್ಟಿತ್ತು. ಮೆಲ್ಲಗೆ ಬಿಡಿಸಿ, ಮಗಳ ಬೆರಳೆಲ್ಲ ನೋಡಿ, ಮತ್ತೆ ಮಡಿಸಿದೆ.