ಎಡಕ್ಕೆ ಎಳೆಯುವ ಕಾರು

ವರ್ಕ್‌ಶಾಪಿನ ಮೇಲಿನ ಕೋಣೆ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಸ್ವಲ್ಪವಾದರೂ ಇಳಿಯಿತೇ, ಇಲ್ಲಾ ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನೂ ಹೆಚ್ಚು ಮಾಡಿಕೊಂಡಿದ್ದೀಯಾ? ಅಕ್ಕನಿಗೆ ಊಟ ಸೇರುತ್ತಿದೆಯೇ? ಹೋದ ಸಲ ಬಸಿರು ನಿಲ್ಲದ್ದನ್ನು ನೆನೆದುಕೊಂಡು ಅವಳು ಈ ಸಲ ಮಂಚದಿಂದ ಕಾಲು ಕೆಳಗಿಡುವುದಕ್ಕೂ ಹೆದರುತ್ತಾಳೆ ಎಂದು ಭಾವ ಹೇಳಿದರು. ನೀನು ಹತ್ತಿರ ಇದ್ದೀಯಲ್ಲ, ಅದೇ ಅವಳಿಗೆ ದೊಡ್ಡ ಧೈರ್ಯ. ಈ ಕಾಗದವನ್ನು ಮನೆಗೆ ಕಳಿಸದೆ ಭಾವನ ಆಫೀಸಿಗೆ ಏಕೆ ಕಳಿಸಿದಳು ಎಂದು ನೀನು ಆಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಫೋನಿನಲ್ಲಿ ಹೇಳೋಣವೆಂದರೆ ನೀನು ಯಾವಾಗಲೂ ಸ್ಪೀಕರ್ ಹಾಕಿ ಮಾತಾಡುವವಳು, ಅಕ್ಕ ಪಕ್ಕದಲ್ಲೇ ಮಲಗಿರುತ್ತಾಳೆ, ಅವಳಿಗೆ ಕೇಳಿಸದಿದ್ದರೂ ನಿನ್ನ ಮುಖ ನೋಡಿಯೇ ತಿಳಿದುಹೋಗುತ್ತದೆ. ಅದಕ್ಕೇ ಇಷ್ಟು ದಿನ ಅಪ್ಪ ಕೆಲಸದಲ್ಲಿದ್ದಾರೆ, ಅಪ್ಪ ಹೊರಗೆ ಹೋಗಿದ್ದಾರೆ ಎಂದು ಸುಳ್ಳು ಹೇಳಿಕೊಂಡು ಬಂದೆ. ಬಾಲ್ಕನಿಗೆ ಹೋಗಿ, ಬಾಗಿಲು ಹಾಕಿಕೊಂಡು, ಕೂತು ಓದು.

ನಮ್ಮ ಕ್ಯಾಪ್ಟನ್ ಗೊತ್ತಲ್ಲ, ಹಡಗನ್ನು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಕಂಡಿರದ ಕ್ಯಾಪ್ಟನ್. ನೀನು ಹೊರಟ ವಾರವೇ ಅವರು ಹೊಸ ಕಾರು ತಂದರು. ಕೆಂಪು ಬಣ್ಣ, ಭಾರಿ ವೇಗದ್ದು, ನೆಲಕ್ಕೆ ಅಂಟಿಕೊಂಡಂತೆ ಕೂತಿರುತ್ತದೆ. ಅದರೊಳಗೆ ನಿನ್ನನ್ನು ಕೂರಿಸಬೇಕಾದರೆ ನಾಲ್ಕು ಜನ ಹಿಡಿದು ಇಳಿಸಬೇಕು. ಬೆಟ್ಟದ ರಸ್ತೆಯ ರೇಸಿಗೆ ತಯಾರು ಮಾಡಿಕೊಡಿ ಎಂದು ಅಪ್ಪನ ಕೈಗೆ ಕೀ ಕೊಟ್ಟುಹೋದರು. ಅಪ್ಪನ ಸಂಭ್ರಮ ನೋಡಬೇಕಿತ್ತು. ಸ್ಪ್ರಿಂಗುಗಳನ್ನು ಬದಲಿಸಿದೆವು, ಕಾರನ್ನು ಇನ್ನಷ್ಟು ತಗ್ಗಿಸಿದೆವು, ಶಾಕ್ ಅಬ್ಸಾರ್ಬರುಗಳನ್ನು ಆ ರಸ್ತೆಯ ಉಬ್ಬುತಗ್ಗಿಗೆ ತಕ್ಕಂತೆ ಬಿಗಿಮಾಡಿದೆವು, ಒಂದೊಂದು ಚಕ್ರದ ಮೇಲೆ ಬೀಳುವ ಭಾರವನ್ನೂ ತೂಗಿ ಹೊಂದಿಸಿದೆವು. ಕ್ಯಾಪ್ಟನ್ ಕೂರುವ ಸೀಟಿನಲ್ಲಿ ಅವರಷ್ಟೇ ತೂಕದ ಮರಳಿನ ಮೂಟೆ ಇಟ್ಟಿದ್ದೆವು. ಅಪ್ಪ ಮೂಟೆಯನ್ನೇ ಕ್ಯಾಪ್ಟನ್ ಎಂದು ಕರೆದು, “ಹೊಟ್ಟೆ ಸ್ವಲ್ಪ ಒಳಗೆ ಎಳ್ಕೊಳ್ಳಿ” ಎಂದು ಮಾತಾಡಿಸುತ್ತಿದ್ದರು.

ಕೊನೆಗೆ ಅಲೈನ್‌ಮೆಂಟ್, ಚಕ್ರಗಳೆಲ್ಲ ನೆಟ್ಟಗಿವೆಯೇ ಎಂದು ಅಳೆಯುವುದು. ನಾನು ಮೇಲೆ ಯಂತ್ರದ ಮುಂದೆ, ಅಪ್ಪ ಕೆಳಗೆ ಗುಂಡಿಯಲ್ಲಿ. ಪರದೆಯ ಮೇಲೆ ನಾಲ್ಕೂ ಚಕ್ರ ಹಸಿರಾಯಿತು, ಎಂದರೆ ಅಳತೆ ಸರಿ. ಅಪ್ಪ ರಸ್ತೆಗೆ ಒಯ್ದು ಓಡಿಸಿ ಬಂದು, “ಎಡಕ್ಕೆ ಎಳೀತಿದೆ” ಅಂದರು. ಮತ್ತೆ ಅಳೆದೆವು, ಮತ್ತೆ ಹಸಿರು. ಮತ್ತೆ ಹೋಗಿ ಬಂದರು, ಅದೇ ಮಾತು. ನಾನೂ ಓಡಿಸಿ ನೋಡಿದೆ; ನನ್ನ ಕೈಗೆ ಕಾರು ದಾರ ಹಿಡಿದಷ್ಟು ನೆಟ್ಟಗೆ ಹೋಯಿತು. ಹಾಗೆಂದು ಹೇಳಿದ್ದಕ್ಕೆ ಅಪ್ಪನ ಮುಖ ಕೆಂಪಾಯಿತು. “ಯಂತ್ರ ಏನು ರಸ್ತೆಗೆ ಹೋಗುತ್ತಾ? ರಸ್ತೆಗೆ ಹೋಗೋದು ನನ್ನ ಕೈ” ಅಂದರು. ಈಚೆಗೆ ಬಂದ ಎಷ್ಟೋ ಕಾರುಗಳ ಮೇಲೆ ಅವರದು ಇದೇ ದೂರು, ಟೈರು ಮಾಡುವವರೆಲ್ಲ ಕೆಟ್ಟುಹೋಗಿದ್ದಾರೆ ಎಂದು ಬೈಗುಳ. ದಣಿದಿದ್ದಾರೆ, ನೀನೂ ಮನೆಯಲ್ಲಿಲ್ಲ, ಅದಕ್ಕೇ ಸಿಡಿಮಿಡಿ ಎಂದುಕೊಂಡು ನಾನು ಊಟಕ್ಕೆ ಹೋದೆ. ಮಾರನೆಯ ದಿನ ಅವರೇ, “ಈಗ ಸರಿಹೋಯ್ತು, ಕೊಟ್ಟುಬಿಡು” ಅಂದರು.

ರೇಸಿನ ಹಿಂದಿನ ದಿನದ ಅಭ್ಯಾಸದಲ್ಲಿ, ತಿರುವಿಗೆ ಮುಂಚೆ ಕ್ಯಾಪ್ಟನ್ ಬ್ರೇಕ್ ಒತ್ತಿದ ಕೂಡಲೇ ಕಾರಿನ ಹಿಂಭಾಗ ಎಡಕ್ಕೆ ಬೀಸಿ, ಮೂತಿ ಬಲಕ್ಕೆ ತಿರುಗಿ, ತಡೆಗೋಡೆಗೆ ಹೋಗಿ ಬಡಿಯಿತು. ಜೀವ ಉಳಿದಿದೆ, ಅಮ್ಮಾ. ಬೆನ್ನುಮೂಳೆ ಮುರಿದು ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ. ಇನ್ನು ಬರುವುದೂ ಇಲ್ಲವಂತೆ.

ಕಾರನ್ನು ಲಾರಿಯ ಮೇಲೆ ಹೊರಿಸಿ ನಮ್ಮ ಅಂಗಳಕ್ಕೇ ತಂದು ಇಳಿಸಿದರು. ಮುಂಭಾಗ ಮುದ್ದೆಯಾಗಿತ್ತು, ಹಿಂಭಾಗಕ್ಕೆ ಏನೂ ಆಗಿರಲಿಲ್ಲ. ಅಪ್ಪ ಬಿಗಿಮಾಡಿದ ನಟ್ಟಿನ ಮೇಲೆಲ್ಲ ಹಳದಿ ಬಣ್ಣದ ಗೆರೆ ಎಳೆಯುತ್ತಾರಲ್ಲ, ಅಲುಗಿದರೆ ಗೊತ್ತಾಗಲಿ ಎಂದು. ಎಡ ಹಿಂಚಕ್ರದ ದಿಕ್ಕು ಹಿಡಿದಿಡುವ ರಾಡಿನ ನಟ್ಟಿನಲ್ಲಿ ಆ ಗೆರೆ ತುಂಡಾಗಿತ್ತು, ಪಕ್ಕದಲ್ಲಿ ಹೊಸದಾಗಿ ಇನ್ನೊಂದು ಗೆರೆ ಇತ್ತು. ನಾನು ಅಳತೆ ಮುಗಿಸಿದ ಮೇಲೆ ಯಾರೋ ತಿರುಗಿಸಿದ್ದಾರೆ. ಅಪ್ಪ ಊಟಕ್ಕೆ ಕೂತಾಗ ಎರಡು ಚಮಚಗಳನ್ನು ಅಕ್ಕಪಕ್ಕ ಇಟ್ಟು, ಚಕ್ರದ ಮೂಗು ಒಳಕ್ಕಿದ್ದರೆ ಹೀಗೆ, ಹೊರಕ್ಕಿದ್ದರೆ ಹೀಗೆ ಎಂದು ನಿನಗೆ ತೋರಿಸುತ್ತಿದ್ದದ್ದು ನೆನಪಿದೆಯಾ? ಆ ಚಕ್ರದ ಮೂಗನ್ನು ಹೊರಕ್ಕೆ ತಿರುಗಿಸಲಾಗಿತ್ತು. ಹಾಗಿದ್ದರೆ ಕಾರು ಬಲಕ್ಕೆ ವಾಲುತ್ತದೆ, ವೇಗದಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ನಿಲ್ಲುವುದೇ ಇಲ್ಲ. ಇದನ್ನು ನನಗೆ ಕಲಿಸಿದವರೇ ಅಪ್ಪ. ಕೇಳಿದೆ. “ಹೌದು, ನಾನೇ. ನೀನು ಊಟಕ್ಕೆ ಹೋದಾಗ. ಎಡಕ್ಕೆ ಎಳೀತಿತ್ತು, ತೆಗೆದೆ” ಅಂದರು. ಆಮೇಲೆ ಅಲ್ಲೇ ಟೈರಿನ ರಾಶಿಯ ಮೇಲೆ ಕುಸಿದು ಕೂತುಬಿಟ್ಟರು. ಅವತ್ತಿನಿಂದ ಸರಿಯಾಗಿ ಊಟವಿಲ್ಲ, ತಮ್ಮ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಕ್ಯಾಪ್ಟನ್‌ರನ್ನು ನೋಡಿಬರೋಣವೆಂದು ಒಂದು ದಿನ ನಮ್ಮ ವ್ಯಾನಿನಲ್ಲಿ ಹೊರಟೆವು. ಅಪ್ಪನೇ ಓಡಿಸುತ್ತೇನೆ ಅಂದರು. ಹತ್ತುವಾಗ ನೋಡುತ್ತೇನೆ, ವ್ಯಾನಿನ ಎಡಮೈಯಲ್ಲಿ ಉದ್ದಕ್ಕೂ ಗೀಚು, ಎಡಗಡೆಯ ಕನ್ನಡಿ ಮುರಿದು ನೇತಾಡುತ್ತಿದೆ. ಯಾವಾಗ ಆಯ್ತಪ್ಪಾ ಎಂದರೆ, “ಏನು ಆಯ್ತು?” ಅಂದರು. ಎದುರಿಗೇ ಇದೆ, ಅವರಿಗೆ ಕಾಣುತ್ತಿಲ್ಲ. ಆಗ ಅವರ ಮುಖ ದಿಟ್ಟಿಸಿದೆ. ಬಲಗೆನ್ನೆ ನುಣ್ಣಗೆ ಬೋಳಿಸಿದ್ದರು, ಎಡಗೆನ್ನೆಯಲ್ಲಿ ಗಡ್ಡ ಹಾಗೇ ಇತ್ತು. ಎಷ್ಟೋ ದಿನದಿಂದ ತಟ್ಟೆಯಲ್ಲಿ ಎಡಗಡೆ ಬಡಿಸಿದ್ದು ಉಳಿದುಹೋಗುತ್ತಿತ್ತು. ನನ್ನ ಅಡುಗೆ ರುಚಿಸುತ್ತಿಲ್ಲ ಎಂದುಕೊಂಡು ನಾನು ಮುನಿಸಿಕೊಂಡಿದ್ದೆ. ಕೀ ಕಿತ್ತುಕೊಂಡು ನಾನೇ ಓಡಿಸಿದೆ, ಆಸ್ಪತ್ರೆಗೆ ಹೋದವಳು ಮೊದಲು ಅಪ್ಪನನ್ನೇ ತೋರಿಸಿದೆ.

ಡಾಕ್ಟರ್ ಒಂದು ಬಿಳಿ ಹಾಳೆಯ ಮೇಲೆ ಉದ್ದನೆಯ ಗೆರೆ ಎಳೆದು, ಇದರ ನಡುವೆ ಒಂದು ಗುರುತು ಹಾಕಿ ಅಂದರು. ಇಡೀ ಜೀವಮಾನ ನಡುವನ್ನು ಹುಡುಕುವುದೇ ಕೆಲಸವಾಗಿದ್ದ ಮನುಷ್ಯ, ಅಮ್ಮಾ. ಇದೇನು ಮಕ್ಕಳಾಟ ಎನ್ನುವ ಹಾಗೆ ನನ್ನ ಕಡೆ ನೋಡಿ, ಗೆರೆಯ ಬಲತುದಿಯ ಹತ್ತಿರ ಗುರುತು ಹಾಕಿ, ಪೆನ್ನು ಕೆಳಗಿಟ್ಟರು. ಅದೇ ನಡು ಎಂದು ಅವರಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಸಂಜೆ ಸ್ಕ್ಯಾನ್ ಮಾಡಿದರು. ತಲೆಯ ಬಲಭಾಗದಲ್ಲಿ ಗೆಡ್ಡೆ ಬೆಳೆದಿದೆ. ಅದರಿಂದ ಎಡಗಡೆಯ ಲೋಕ ಅವರಿಗೆ ಸ್ವಲ್ಪಸ್ವಲ್ಪವೇ ಅಳಿಸಿಹೋಗುತ್ತಿದೆ, ನಡು ಎನ್ನುವುದು ಬಲಕ್ಕೆ ಸರಿದುಬಿಟ್ಟಿದೆ, ಹಾಗಾಗಿ ನೆಟ್ಟಗೆ ಹೋಗುವ ಕಾರು ಎಡಕ್ಕೆ ಎಳೆದಂತೆ ಕಂಡಿದೆ ಎಂದು ಡಾಕ್ಟರ್ ಬಿಡಿಸಿ ಹೇಳಿದರು.

ಅದನ್ನು ಕೇಳಿ ಅಪ್ಪ ಏನು ಮಾಡಿದರು ಎಂದು ಬರೆಯುವುದು ನನಗೆ ಕಷ್ಟ. ಅವರ ಮುಖ ಅರಳಿತು, ಅಮ್ಮಾ. ಅಷ್ಟು ದಿನದ ಮೇಲೆ ಮೊದಲ ಸಲ. “ಹಂಗಾದ್ರೆ ಕೈ ತಪ್ಪಿಲ್ಲ” ಅಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಹೊರಗೆ ಬಂದು, ಬೆಂಚಿನ ಮೇಲೆ ನನ್ನನ್ನು ಕೂರಿಸಿ, ನನ್ನ ಬೆನ್ನು ಸವರಿದರು. ಸಮಾಧಾನ ಮಾಡಬೇಕಾದವಳು ನಾನು.

ಅವತ್ತೇ ಹಟ ಹಿಡಿದು ಮೇಲಿನ ಮಹಡಿಗೆ ಕ್ಯಾಪ್ಟನ್ ಹತ್ತಿರ ಹೋದರು. ನಟ್ಟು ತಿರುಗಿಸಿದ್ದು, ಏಕೆ ತಿರುಗಿಸಿದ್ದು, ತಲೆಯೊಳಗಿನ ಗೆಡ್ಡೆ, ಒಂದನ್ನೂ ಮುಚ್ಚಿಡಲಿಲ್ಲ. ಕ್ಯಾಪ್ಟನ್ ಸೂರು ನೋಡುತ್ತ ಕೇಳಿಸಿಕೊಂಡರು. “ಕಾಯಿಲೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಮೇಸ್ತ್ರಿ?” ಅಂದರು. ಇಲ್ಲ ಅಂದರು ಅಪ್ಪ. “ಗೊತ್ತಿದ್ದಿದ್ರೆ ಚೆನ್ನಾಗಿತ್ತು. ಬೈಯೋದಕ್ಕಾದ್ರೂ ಒಬ್ಬರು ಸಿಗ್ತಿದ್ರು” ಎಂದು ಕಣ್ಣು ಮುಚ್ಚಿಕೊಂಡರು. ಅಪ್ಪ ಇನ್ನೂ ಏನೋ ಹೇಳಲು ಬಾಯಿ ತೆರೆದರು. “ಸಾಕು, ಹೋಗಿ” ಅಂದರು ಕ್ಯಾಪ್ಟನ್. ಮತ್ತೆ ಹೋದಾಗ ಒಳಗೆ ಬಿಡಬೇಡಿ ಎಂದು ನರ್ಸಿಗೆ ಹೇಳಿಟ್ಟಿದ್ದರು. ಇಪ್ಪತ್ತು ವರ್ಷದ ಸ್ನೇಹ. ಅವರನ್ನೂ ನಾನು ತಪ್ಪು ಎನ್ನಲಾರೆ.

ಆಮೇಲೆ ನನಗೆ ಹೊಳೆಯಿತು, ಅಪ್ಪ ಈಚೆಗೆ ಮುಟ್ಟಿದ ಬೇರೆ ಕಾರುಗಳೂ ರಸ್ತೆಯ ಮೇಲಿವೆಯಲ್ಲ ಎಂದು. ಎಲ್ಲರಿಗೂ ಫೋನ್ ಮಾಡಿದೆ, ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಲವರು ಕೂಗಾಡಿದರು, ಒಬ್ಬರು ಪೊಲೀಸರ ಹತ್ತಿರ ಹೋಗುತ್ತೇನೆ ಅಂದರು, ಹೋಗಲಿ. ಆದರೂ ಕಾರುಗಳನ್ನೆಲ್ಲ ತಂದರು. ವಾರವಿಡೀ ಅದೇ ಕೆಲಸ. ಅಪ್ಪ ಯಂತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಪ್ರತಿ ಕಾರಿಗೂ “ಎಷ್ಟು?” ಎಂದು ಕೇಳುತ್ತಿದ್ದರು. ಒಂದನ್ನೂ ಬಿಡದೆ ಎಲ್ಲದರಲ್ಲೂ ಎಡ ಹಿಂಚಕ್ರ ಹೊರಕ್ಕೆ ತಿರುಗಿತ್ತು, ಎಲ್ಲದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಕೂದಲೆಳೆಯ ವ್ಯತ್ಯಾಸವಿಲ್ಲ. ಅಪ್ಪನ ಕೈ ಎಂಥ ಕೈ ಎಂದು ನನಗೆ ಅಷ್ಟು ಚೆನ್ನಾಗಿ ಯಾವತ್ತೂ ಗೊತ್ತಾಗಿರಲಿಲ್ಲ. ಕೊನೆಯ ಕಾರು ನೆಟ್ಟಗಾಗಿ ಹೊರಟುಹೋದ ಮೇಲೆ ಅಪ್ಪನೇ ಎದ್ದು ಹೋಗಿ ಷಟರ್ ಎಳೆದರು. ಎಡಗೈ ಮೇಲಕ್ಕೆ ಏಳಲಿಲ್ಲ. ಒಂದೇ ಕೈಯಲ್ಲಿ ಎಳೆದರು, ನಾನು ಸಹಾಯಕ್ಕೆ ಹೋಗಲಿಲ್ಲ, ಹೋಗಿದ್ದರೆ ಬೇಸರಪಡುತ್ತಿದ್ದರು.

ಸದ್ಯ ಕೆಳಗೆ ಮಲಗಿದ್ದಾರೆ. ಅಕ್ಕನ ಹೆರಿಗೆ ಆಗುವವರೆಗೆ ನಿನಗೆ ಒಂದಕ್ಷರ ತಿಳಿಸಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಬೇಡ ಅಂದದ್ದನ್ನೇ ಮಾಡುವವಳು ಎಂದು ನನಗೆ ಮೊಂಡಿಯೆಂಬ ಹೆಸರಿಟ್ಟವಳು ನೀನೇ ಅಲ್ಲವೇ, ಹಾಗಾಗಿ ಬರೆದೆ. ನಿನ್ನ ಮಾತ್ರೆ ತಪ್ಪಿಸಬೇಡ. ಅಕ್ಕನ ತಲೆಗೆ ಎಣ್ಣೆ ಹಚ್ಚುವಾಗ ನನ್ನ ಪಾಲಿನದೊಂದು ಮುದ್ದು ಅವಳ ನೆತ್ತಿಗೆ ಕೊಡು. ಭಾವನನ್ನು ಕೇಳಿದೆ ಎಂದು ಹೇಳು.

ನಿನ್ನ ಕಿರಿಮಗಳು,
ಮೊಂಡಿ

ಮರೆತ ಮಾತು: ಮರೆತದ್ದಲ್ಲ, ಅಮ್ಮಾ. ಇದನ್ನು ಬರೆಯಲಾಗದೆ ಇಷ್ಟು ಪುಟ ತುಂಬಿಸಿದೆ. ಆಪರೇಷನ್ ಶುಕ್ರವಾರ. ಗೆಡ್ಡೆ ಪೂರ್ತಿ ತೆಗೆಯಲು ಆಗುವುದಿಲ್ಲವಂತೆ, ತೆಗೆದಷ್ಟೂ ಮತ್ತೆ ಬೆಳೆಯುವ ಜಾತಿಯದಂತೆ. ಎಷ್ಟು ದಿನ ಎಂದು ಅಪ್ಪನನ್ನು ಆಚೆ ಕೂರಿಸಿ ಕೇಳಿದೆ. ಡಾಕ್ಟರ್ ಲೆಕ್ಕ ಹೇಳಲಿಲ್ಲ, “ನಿಮ್ಮ ತಾಯಿನ ಕರೆಸಿಬಿಡಮ್ಮಾ” ಅಂದರು. ಆಪರೇಷನ್ ಆದ ಮೇಲೆ ಅಪ್ಪ ನಮ್ಮನ್ನು ಗುರುತು ಹಿಡಿಯುತ್ತಾರೋ ಇಲ್ಲವೋ ಅದೂ ಗ್ಯಾರಂಟಿ ಇಲ್ಲ. ಭಾವನಿಗೆ ಅಕ್ಕನ ಜೊತೆಗಿರಲು ನಾಲ್ಕು ದಿನ ರಜೆ ಹಾಕಿ ಎಂದಷ್ಟೇ ಹೇಳಿದ್ದೇನೆ, ಏಕೆ ಎಂದು ಹೇಳಿಲ್ಲ. ಗುರುವಾರದೊಳಗೆ ಬಂದುಬಿಡು. ಅಕ್ಕ ಕೇಳಿದರೆ ನನಗೆ ಜ್ವರ ಎನ್ನು. ಅವಳ ಎದುರು ಅಳಬೇಡ, ಬಸ್ಸು ಹತ್ತಿದ ಮೇಲೆ ಅಳು.